ಅಲ್ಝೈಮರ್‌ಗೆ ಲೆಕಾನೆಮ್ಯಾಬ್: ಶೇ 27 ಎಂದರೆ ಎಷ್ಟು?

ಪ್ರಶ್ನೆ: ತಾಯಿಗೆ 71 ವರ್ಷ. ಅಲ್ಝೈಮರ್‌ನ ಆರಂಭದ ಹಂತ ಎಂದಿದ್ದಾರೆ ವೈದ್ಯರು. ಲೆಕಾನೆಮ್ಯಾಬ್ ಕಾಯಿಲೆಯನ್ನು ಶೇ 27ರಷ್ಟು ತಗ್ಗಿಸುತ್ತದೆಂದು ಓದಿದೆ. ಹೋದ ನೆನಪು ಮರಳುತ್ತದೆಯೇ? ಅವರು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ.

ಉತ್ತರ: ಮರಳುವುದಿಲ್ಲ. ಔಷಧ ಪಡೆದವರಲ್ಲೂ ಕಾಯಿಲೆ ಮುಂದುವರಿಯಿತು, ವೇಗ ಮಾತ್ರ ತಗ್ಗಿತು. 2022ರಲ್ಲಿ ಪ್ರಕಟವಾದ, 1,795 ಮಂದಿಯ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ನೆನಪು, ಮನೆಗೆಲಸ, ಸ್ವಂತ ಆರೈಕೆ ಮೊದಲಾದ ಆರು ಸಂಗತಿಗಳನ್ನು ಒಟ್ಟು 18 ಅಂಕಗಳಲ್ಲಿ ಅಳೆದರು. ಅಂಕ ಏರಿದಷ್ಟೂ ಸ್ಥಿತಿ ಹದಗೆಟ್ಟಂತೆ. ಔಷಧವಿಲ್ಲದ ಡ್ರಿಪ್ ಪಡೆದವರಿಗೆ ಸರಾಸರಿ 1.66 ಏರಿತು, ಲೆಕಾನೆಮ್ಯಾಬ್ ಪಡೆದವರಿಗೆ 1.21. ನಡುವಿನ 0.45 ಅಂಕವೇ ಆ ಶೇ 27. ಮನೆಯವರ ಕಣ್ಣಿಗೆ ಇದು ಬೀಳದೆಯೂ ಹೋಗಬಹುದು. ಇದನ್ನು ತಿಳಿದೇ ತೀರ್ಮಾನಿಸಿ.

ನಿಮ್ಮ ತಾಯಿಯ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿರುವುದು ಆ ಮಾತ್ರೆಯ ಬಗ್ಗೆ. ಅಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಲೆಕಾನೆಮ್ಯಾಬ್ ತೆಗೆದುಹಾಕುತ್ತದೆ. ಅದು ಮಿದುಳಿನ ರಕ್ತನಾಳಗಳ ಗೋಡೆಯಲ್ಲೂ ಕೂತಿರುತ್ತದೆ. ಔಷಧ ಅದನ್ನು ಕಿತ್ತಾಗ ನಾಳ ಸೋರಿ ಮಿದುಳು ಊದಬಹುದು, ಸಣ್ಣ ರಕ್ತಸ್ರಾವವೂ ಆಗಬಹುದು. ಪ್ರಯೋಗದಲ್ಲಿ ಔಷಧ ಪಡೆದ ಶೇ 12.6 ಮಂದಿಯ ಸ್ಕ್ಯಾನ್‌ನಲ್ಲಿ ಊತ ಕಂಡಿತು. ಹೆಚ್ಚಿನವರಿಗೆ ಲಕ್ಷಣಗಳೇ ಇರಲಿಲ್ಲ. ಆದರೆ ಅಲ್ಝೈಮರ್‌ನ ಅಪಾಯ ಹೆಚ್ಚಿಸುವ ಎಪಿಒಇ-4 ಜೀನ್‌ನ ಎರಡು ಪ್ರತಿ ಇದ್ದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಊತವಿತ್ತು. ಯುರೋಪಿಯನ್ ಒಕ್ಕೂಟ 2025ರಲ್ಲಿ ಅನುಮತಿ ಕೊಡುವಾಗ ಇಂಥವರನ್ನೂ ಹೆಪ್ಪುರೋಧಕ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಸೇವಿಸುವವರನ್ನೂ ಹೊರಗಿಟ್ಟಿತು. ಹಾಗಾಗಿ ಮೊದಲು ಮಾತ್ರೆಯ ಹೆಸರನ್ನು ವೈದ್ಯರಿಗೆ ತೋರಿಸಿ. ಅದು ವಾರ್ಫರಿನ್ ಅಥವಾ ಅಪಿಕ್ಸಾಬಾನ್‌ನಂಥ ಹೆಪ್ಪುರೋಧಕ ಆಗಿದ್ದರೆ ಈ ಔಷಧ ಬೇಡ ಎಂಬುದೇ ನನ್ನ ಸಲಹೆ. ಔಷಧಕ್ಕಾಗಿ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಪಾರ್ಶ್ವವಾಯುವಿನ ಅಪಾಯವಿದೆ. ಆಸ್ಪಿರಿನ್ ಬೇರೆ ಗುಂಪಿನದು. ಅದರ ಬಗ್ಗೆ ವೈದ್ಯರು ಬೇರೆಯಾಗಿ ಯೋಚಿಸುತ್ತಾರೆ.

ಅಡ್ಡಿಯಿಲ್ಲದಿದ್ದರೆ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ ಅಮಿಲಾಯ್ಡ್ ಖಚಿತವಾಗಬೇಕು. ಜೀನ್ ಪರೀಕ್ಷೆ ಮತ್ತು ಎಂಆರ್‌ಐ ಕೂಡ ಆಗಬೇಕು. ಪ್ರಮಾಣ ಕಿಲೋ ತೂಕಕ್ಕೆ 10 ಮಿ.ಗ್ರಾಂ., ಅಂದರೆ 60 ಕಿಲೋ ಇದ್ದವರಿಗೆ 600 ಮಿ.ಗ್ರಾಂ., ಎರಡು ವಾರಕ್ಕೊಮ್ಮೆ, ಸುಮಾರು ಒಂದು ಗಂಟೆಯ ಡ್ರಿಪ್. 3, 5, 7 ಮತ್ತು 14ನೇ ಡೋಸಿಗೆ ಮುನ್ನ ಮತ್ತೆ ಎಂಆರ್‌ಐ. ಊತ ಸಾಮಾನ್ಯವಾಗಿ ಮೊದಲ ಏಳು ಡೋಸುಗಳೊಳಗೇ ಕಾಣಿಸಿಕೊಳ್ಳುವುದರಿಂದ ಈ ಸ್ಕ್ಯಾನ್ ತಪ್ಪಿಸಲೇಬಾರದು. ಹೊಸದಾಗಿ ತಲೆನೋವು, ಗೊಂದಲ, ದೃಷ್ಟಿ ಮಂಜು, ತಲೆಸುತ್ತು ಬಂದರೆ ಮುಂದಿನ ಡೋಸಿಗೆ ಕಾಯದೆ ಅಂದೇ ತಿಳಿಸಿ.

ಈ ಔಷಧದಲ್ಲಿದ್ದೇವೆಂಬ ಚೀಟಿ ಸದಾ ಅವರ ಬಳಿ ಇರಲಿ. ಮಿದುಳಿನ ಊತ ಪಾರ್ಶ್ವವಾಯುವಿನಂತೆಯೇ ಕಾಣಬಹುದು. ತುರ್ತು ವಿಭಾಗದವರು ಗೊತ್ತಿಲ್ಲದೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಮಾರಣಾಂತಿಕ ರಕ್ತಸ್ರಾವ ಆಗಬಹುದು.