ದಿನಕ್ಕೊಂದು ಪುಟ ಬೇಡ, ಒಂದು ಪದರ ಸಾಕು

ಹಿಂದಿನ ಸಂಚಿಕೆಯಲ್ಲಿ ಆರ್ಟ್ ಜರ್ನಲ್ ಬಗ್ಗೆ ಬರೆದಿದ್ದೆ. ದಿನಚರಿಯ ಬರಹದ ಜೊತೆಗೇ ಬಣ್ಣ, ಗೆರೆ, ಅಂಟಿಸಿದ ಚೀಟಿ, ಬಟ್ಟೆ ಚೂರು ಎಲ್ಲ ಸೇರಿಸಿ ಇಡುವ ಪುಸ್ತಕ ಅದು. ಪತ್ರಗಳು ಚೆನ್ನಾಗಿಯೇ ಬಂದಿವೆ. ನಮ್ಮ ಮುಂಬಯಿ, ಪುಣೆ, ಗೋವಾ ಕಡೆಯವೇ ಜಾಸ್ತಿ.

*ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಆಫೀಸು. ವಾಪಸು ಬರುವಾಗ ರಾತ್ರಿ ಎಂಟೂವರೆ. ಒಂದು ವಾರ ಉತ್ಸಾಹದಿಂದ ದಿನಾ ಒಂದು ಪುಟ ಮಾಡಿದೆ. ಆಮೇಲೆ ಪುಸ್ತಕ ಕಪಾಟು ಸೇರಿತು. ನನಗೆ ಚಿತ್ರ ಬರೆಯಲೂ ಅಷ್ಟಾಗಿ ಬರುವುದಿಲ್ಲ. ಏನು ಮಾಡಲಿ?*
– ಒಬ್ಬ ಓದುಗಿ, ಡೊಂಬಿವಲಿ

ದಿನಾ ಒಂದು ಪುಟ ಮುಗಿಸಬೇಕು ಅಂತ ನಿಮಗೆ ಯಾರು ಹೇಳಿದರು? ನಾನಂತೂ ಹೇಳಿಲ್ಲ. ದಿನಾ ಪುಸ್ತಕ ತೆರೆಯಿರಿ ಎಂದಿದ್ದೆ, ಅಷ್ಟೇ.

ಮಿಕ್ಸ್ಡ್ ಮೀಡಿಯಾ, ಅಂದರೆ ಬಣ್ಣ, ಕಾಗದ, ಪೆನ್ನು ಎಲ್ಲ ಬೆರೆಸಿ ಮಾಡುವ ಕೆಲಸ ನಡೆಯುವುದೇ ಪದರ ಪದರವಾಗಿ. ಮೊದಲು ಅಂಟು ಒಣಗಬೇಕು. ಅದರ ಮೇಲೆ ಬಳಿದ ಬಣ್ಣ ಒಣಗಬೇಕು. ಆಮೇಲೆ ಪೆನ್ನು. ಇಷ್ಟನ್ನೂ ಒಂದೇ ರಾತ್ರಿ ಮಾಡಲು ಹೊರಟರೆ ಅರ್ಧ ಸಮಯ ಫ್ಯಾನಿನ ಕೆಳಗೆ ಪುಸ್ತಕ ಹಿಡಿದು ಕೂರುವುದರಲ್ಲೇ ಹೋಗುತ್ತದೆ. ಸುಸ್ತಾಗದೆ ಇನ್ನೇನಾಗುತ್ತದೆ?

ಮೂರು ಪುಟಗಳನ್ನು ಒಟ್ಟಿಗೆ ಶುರು ಮಾಡಿ. ಇವತ್ತು ಒಂದರಲ್ಲಿ ಎರಡು ಚೀಟಿ ಅಂಟಿಸಿ. ನಾಳೆ ಇನ್ನೊಂದಕ್ಕೆ ತೆಳ್ಳಗೆ ಬಣ್ಣ ಬಳಿದು ಮಲಗಿಬಿಡಿ. ನಾಡಿದ್ದು ಮೂರನೆಯದರ ಮೇಲೆ ನಾಲ್ಕು ಸಾಲು ಬರೆಯಿರಿ. ದೋಸೆ ಹಿಟ್ಟು ರುಬ್ಬಿಟ್ಟ ಹಾಗೆ, ನೀವು ಮಲಗಿದ ಮೇಲೂ ಕೆಲಸ ನಡೆಯುತ್ತಿರುತ್ತದೆ. ನಿಮ್ಮ ಕೈಯಿಂದ ಆಗಬೇಕಾದದ್ದು ಹತ್ತು ನಿಮಿಷ. ಒಂದು ಪುಟಕ್ಕೆ ವಾರ ಹಿಡಿದರೆ ಹಿಡಿಯಲಿ. ತಾರೀಖು ಹಾಕುವುದಿದ್ದರೆ ಪುಟಕ್ಕೆ ಬೇಡ, ಪದರಕ್ಕೆ ಹಾಕಿ. ಮೂಲೆಯಲ್ಲಿ ನಾಲ್ಕು ತಾರೀಖು ಇರುವ ಪುಟ ನೋಡಲು ನನಗಂತೂ ಬಹಳ ಇಷ್ಟ.

ಇನ್ನು ಚಿತ್ರ ಬರುವುದಿಲ್ಲ ಅನ್ನುವ ಮಾತು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಎಲ್ಲಾದರೂ ಹುಡುಕಿ ನೋಡಿ. ಕುಣಿಯುವವರ ಇಡೀ ಮೈ ನಾಲ್ಕಾರು ಗೆರೆಗಳಲ್ಲಿ ಮುಗಿದುಹೋಗಿರುತ್ತದೆ. ಕಣ್ಣು, ಮೂಗು ಎಷ್ಟೋ ಕಡೆ ಇರುವುದೇ ಇಲ್ಲ. ಅವರ ಕೈ ನಮಗೆ ಬರುವುದಿಲ್ಲ, ನಿಜ. ಆದರೆ ಎಷ್ಟನ್ನು ಬಿಡಬಹುದು ಅನ್ನುವುದನ್ನು ಅವರಿಂದ ಕಲಿಯಬಹುದು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಮೂವರ ಸೀಟಿನ ಅಂಚಿಗೆ ನಾಲ್ಕನೆಯವಳಾಗಿ ಕೂತವಳ ಬೆನ್ನು, ಮೇಲೆ ಜೋತಾಡುವ ಹಿಡಿಕೆಗಳ ಸಾಲು. ಇಷ್ಟನ್ನು ಬಾಲ್‌ಪೆನ್ನಿನಲ್ಲಿ, ಹಾಳೆ ನೋಡದೆ ಬರೆಯಿರಿ. ಸೊಟ್ಟಗಾಗುತ್ತದೆ. ಗಾಡಿಯೇ ಕುಲುಕುವಾಗ ನೆಟ್ಟಗೆ ಬಂದರೆ ಅನುಮಾನ ಪಡಬೇಕು! ಸೀಟು ಸಿಗದ ದಿನ ಸುಮ್ನೆ ನೋಡಿಕೊಂಡು ನಿಲ್ಲಿ. ಮನೆಗೆ ಬಂದ ಮೇಲೆ ನೆನಪಿಗೆ ಬಂದಷ್ಟು ಸಾಕು.

*ಎರಡು ಪ್ರಶ್ನೆ. ಮಾಮೂಲಿ ನೋಟ್‌ಬುಕ್ಕಿನಲ್ಲಿ ಬಣ್ಣ ಹಚ್ಚಿದರೆ ಹಾಳೆ ಸುಕ್ಕಾಗಿ ಹಿಂದಕ್ಕೆ ಇಳಿಯುತ್ತದೆ. ದುಬಾರಿ ಪುಸ್ತಕ ಬೇಕೇ ಬೇಕಾ? ಮತ್ತೆ, ಆಯಿಲ್ ಪೇಸ್ಟಲ್ ಮೇಲೆ ಅಕ್ರಿಲಿಕ್ ನಿಲ್ಲುತ್ತಿಲ್ಲ.*
– ಕಾಲೇಜು ವಿದ್ಯಾರ್ಥಿ, ಕೋಥ್ರೂಡ್, ಪುಣೆ

ಬೇಡ. ಬರೆಯುವ ಹಾಳೆ ಸಾಮಾನ್ಯವಾಗಿ 60–70 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರುತ್ತದೆ. ಜಲವರ್ಣದ ಒಳ್ಳೆ ಕಾಗದ 300. ನಡುವಿನ ದಾರಿ ಅಂದರೆ ಎರಡು-ಮೂರು ಹಾಳೆಗಳನ್ನು ಸೇರಿಸಿ ಒಂದು ಮಾಡುವುದು. ಗ್ಲೂ ಸ್ಟಿಕ್ ಬಳಸಿ. ಫೆವಿಕಾಲ್‌ನಲ್ಲಿ ನೀರಿದೆ, ಸುಕ್ಕು ಶುರುವಾಗುವುದೇ ಆ ನೀರಿನಿಂದ. ಫೆವಿಕಾಲೇ ಬೇಕಿದ್ದರೆ ಹಳೇ ಕಾರ್ಡಿನ ಅಂಚಿನಿಂದ ತೆಳ್ಳಗೆ ಎಳೆದು, ಪುಸ್ತಕ ಮುಚ್ಚಿ, ಮೇಲೆ ಭಾರ ಇಡಿ.

ಅಂಟಿಸುತ್ತಾ ಹೋದರೆ ಪುಸ್ತಕ ಉಬ್ಬಿ ಬೆನ್ನು ಬಿರಿಯುತ್ತದೆ. ಅದಕ್ಕೆ ಮೊದಲೇ ಅಲ್ಲೊಂದು ಇಲ್ಲೊಂದು ಹಾಳೆ ತೆಗೆದುಬಿಡಿ. ಆದರೆ ಬುಡದಿಂದ ಕೀಳಬೇಡಿ. ಹೊಲಿಗೆ ಹಾಕಿದ ಪುಸ್ತಕದಲ್ಲಿ ಆ ಹಾಳೆಯ ಇನ್ನರ್ಧ ಆಚೆ ಬದಿಯಲ್ಲಿರುತ್ತದೆ, ಅದೂ ಕಳಚಿಕೊಳ್ಳುತ್ತದೆ. ಒಂದು ಇಂಚು ಪಟ್ಟಿ ಬಿಟ್ಟು ಕತ್ತರಿಸಿ.

ಹಾಳೆ ಹೀರದಂತೆ ಮಾಡಲು, ಬಣ್ಣಕ್ಕೆ ಮೊದಲು ಬಳಿಯುವ ಜೆಸ್ಸೊ ಎಂಬ ಬಿಳಿ ಲೇಪ ಸಿಗುತ್ತದೆ. ಪ್ರಾಕ್ಟೀಸಿಗೆ ಮನೆಯದೇ ಸಾಕು. ಬಿಳಿ ಅಕ್ರಿಲಿಕ್ ಒಂದು ಭಾಗ, ಫೆವಿಕಾಲ್ ಒಂದು ಭಾಗ, ನುಣ್ಣಗೆ ಜರಡಿ ಹಿಡಿದ ಚಾಕ್ ಪುಡಿ ಎರಡು ಭಾಗ, ಸ್ವಲ್ಪ ನೀರು. ಬೇಕಾದಷ್ಟೇ ಕಲಸಿ, ಇಟ್ಟರೆ ಗಟ್ಟಿಯಾಗುತ್ತದೆ.

ಪೇಸ್ಟಲ್ ವಿಷಯ: ಅದರಲ್ಲಿರುವುದು ಮೇಣ ಮತ್ತು ಎಣ್ಣೆ. ಅದು ಪೂರ್ತಿ ಒಣಗುವುದೇ ಇಲ್ಲ. ಅಕ್ರಿಲಿಕ್‌ನಂಥ ನೀರಿನಲ್ಲಿ ಕಲಸುವ ಬಣ್ಣ ಅದರ ಮೇಲೆ ಹೇಗೆ ಕೂರಬೇಕು? ಮೊದಲು ನೀರಿನದ್ದು, ಕೊನೆಗೆ ಎಣ್ಣೆಯದ್ದು. ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಾಗಿದರೆ ಏಳುತ್ತದೆ, ಅಕ್ರಿಲಿಕ್ ಏಳುವುದಿಲ್ಲ. ಆದ್ದರಿಂದ ತಳಕ್ಕೆ ಅಕ್ರಿಲಿಕ್ಕೇ ಒಳ್ಳೆಯದು.

*ಮಳೆಗಾಲದಲ್ಲಿ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೈದಾ ಅಂಟಿನಿಂದ ಅಂಟಿಸಿದ ಕಡೆ ಬೂಷ್ಟು ಬಂದಿದೆ. ಪುಸ್ತಕ ಎಸೆಯಲಾ?*
– ಗೃಹಿಣಿ, ವಾಸ್ಕೊ, ಗೋವಾ

ಎಸೆಯಬೇಡಿ. ಮುಂಬಯಿ ಜುಲೈ ಕೂಡ ಗೋವಾಕ್ಕಿಂತ ಏನೂ ಕಮ್ಮಿ ಇಲ್ಲ, ನನ್ನ ಕಪಾಟಿನ ಗತಿಯೂ ಇದೇ.

ಅಕ್ರಿಲಿಕ್ ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಮುಟ್ಟಿದರೆ ಒಣಗಿದೆ ಅನಿಸಿದರೂ ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಸೆಕೆ, ತೇವ, ಮೇಲಿನ ಪುಟಗಳ ಭಾರ ಮೂರೂ ಸೇರಿದರೆ ಬಣ್ಣಕ್ಕೆ ಬಣ್ಣ ಕಚ್ಚಿಕೊಳ್ಳುತ್ತದೆ. ಎರಡು ಪುಟಗಳ ನಡುವೆ ಕೇಕ್ ಮಾಡುವವರು ಬಳಸುವ ಬೇಕಿಂಗ್ ಪೇಪರ್ ಇಡಿ. ಅದಕ್ಕೆ ಸಿಲಿಕೋನ್ ಲೇಪ ಇರುವುದರಿಂದ ಏನೂ ಅಂಟುವುದಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ಈಗ ಅಂಟಿರುವ ಪುಟಗಳನ್ನು ಜಗ್ಗಬೇಡಿ, ನಡುವೆ ಹೊಲಿಗೆ ದಾರ ತೂರಿಸಿ ನಿಧಾನಕ್ಕೆ ಎಳೆಯಿರಿ. ಸ್ವಲ್ಪ ಬಣ್ಣ ಕಿತ್ತೇ ಕೀಳುತ್ತದೆ. ಕಿತ್ತ ಜಾಗ ಎಷ್ಟೋ ಸಲ ನಾವು ಬಳಿದದ್ದಕ್ಕಿಂತ ಚೆನ್ನಾಗಿರುತ್ತದೆ ಅನ್ನುವುದು ಬೇರೆ ಮಾತು.

ಮೈದಾ ಅಂಟು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಅದು ಬೂಷ್ಟಿಗೂ ಹುಳಕ್ಕೂ ಊಟ. ಹಿಂದೆ ಬೈಂಡಿಂಗ್ ಮಾಡುವವರು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಆ ಸಾಹಸ ಬೇಡ. ಬೂಷ್ಟು ಬಂದ ಪುಟವನ್ನು ಬಾಲ್ಕನಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್‌ನಿಂದ ಕೊಡವಿ.

*ಹೋಟೆಲ್ ಬಿಲ್ಲು, ಎಟಿಎಂ ಚೀಟಿ ಅಂಟಿಸಬಹುದಾ?*
– ಮಾಟುಂಗಾದಿಂದ ಒಬ್ಬರು

ಅಂಟಿಸಿ, ಆದರೆ ಜೆರಾಕ್ಸ್ ಮಾಡಿಸಿ ಅಂಟಿಸಿ. ಆ ನಯವಾದ ಕಾಗದದಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿ ಅಕ್ಷರ ಮೂಡಿರುತ್ತದೆ. ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಇಸ್ತ್ರಿ ಮಾಡಿದರೆ ಪೂರ್ತಿ ಕಪ್ಪು. ಪೇಪರ್ ಕಟಿಂಗ್ ಹಳದಿಯಾಗುತ್ತದೆ, ಅದು ಹಾಗೇ ಚೆಂದ.

*ಮನೆಯವರು ಓದಿಬಿಡುತ್ತಾರೆ ಅನ್ನುವ ಭಯ. ಮನಸ್ಸಿನಲ್ಲಿರುವುದನ್ನು ಬರೆಯಲು ಆಗುತ್ತಿಲ್ಲ.*
– ಹೆಸರು ಬೇಡ, ಭಾಂಡೂಪ್

ಮಕ್ಕಳ ಭಯವಾದರೆ ಕನ್ನಡದಲ್ಲಿ ಬರೆಯಿರಿ. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಅದನ್ನು ಓದಲು ಬರುತ್ತದೆ ಹೇಳಿ! ಗಂಡ, ಅತ್ತೆಯಾದರೆ ಬೇರೆ ಉಪಾಯ ಬೇಕು. ಪುಟ ತುಂಬ ಬರೆಯಿರಿ. ಪುಸ್ತಕವನ್ನು ಅಡ್ಡ ತಿರುಗಿಸಿ ಅದರ ಮೇಲೇ ಇನ್ನೊಮ್ಮೆ ಬರೆಯಿರಿ. ಆಗಲೇ ಅದು ಅಕ್ಷರವಾಗಿ ಉಳಿಯದೆ ಬಲೆಯಾಗಿರುತ್ತದೆ. ಮೇಲೆ ಬಿಳಿ ಅಕ್ರಿಲಿಕ್ ಬಳಿಯಿರಿ, ಅಲ್ಲಲ್ಲಿ ಒಂದೊಂದು ಪದ ಇಣುಕಲಿ. ಪೆನ್ಸಿಲ್‌ ಬಳಸಿ, ಇಂಕ್‌ಪೆನ್ನಿನ ಶಾಯಿ ಬಿಳಿಯಲ್ಲಿ ಕಲೆಸಿ ನೀಲಿಯಾಗುತ್ತದೆ. ಯಾರಾದರೂ ಕೇಳಿದರೆ ಡಿಸೈನ್ ಅನ್ನಿ.