‘ಲೋನ್ ಮುಗೀಲಿ’ ಅಂದದ್ದೆಲ್ಲ ಈಗ ಎದುರು ಬಂದಾಗ

ಪ್ರಕರಣದಲ್ಲಿ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ವಿದ್ಯಾರಣ್ಯಪುರದ ಕಡೆಯ ದಂಪತಿ. ಗಂಡನಿಗೆ 54, ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, 58ಕ್ಕೆ ನಿವೃತ್ತಿ. ಹೆಂಡತಿಗೆ 49, ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತಾರೆ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಹದಿನೇಳು ವರ್ಷ, ತಿಂಗಳಿಗೆ ಹತ್ತಿರ ಹತ್ತಿರ 30 ಸಾವಿರ ಇಎಂಐ ಕಟ್ಟಿ ಮನೆ ಸಾಲ ತೀರಿಸಿದ್ದಾರೆ. ತೀರಿಸಿದ ಮೇಲೆ ಜಗಳ ಹೆಚ್ಚಾಯಿತು ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬಂದರು. ಸಾಲ ಇರುವಷ್ಟು ದಿನ ಒಂದೇ ದಿಕ್ಕಿಗೆ ಎಳೆಯುತ್ತಿದ್ದವರು ಸಾಲ ಮುಗಿದ ಮೇಲೆ ಬೇರೆ ಬೇರೆ ಕಡೆ ನೋಡುವುದು ಅಪರೂಪವೇನಲ್ಲ.

ಮೊದಲು ಮಾತಾಡಿದ್ದು ಆಕೆ. ಗಂಡ ದೇವನಹಳ್ಳಿ ಕಡೆಯ ಸೈಟಿನ ಬಗ್ಗೆ ಬ್ರೋಕರ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ಇನ್ನೊಂದು 25 ಲಕ್ಷ ಸಾಲ ಎತ್ತುವ ಯೋಚನೆ. “ಮೆಷಿನ್ ತುಳಿದು ತುಳಿದು ಮಂಡಿ ಹೋಯ್ತು ಮೇಡಂ. ಮೋಟರ್ ಹಾಕ್ಸಿ ಅಂದ್ರೆ ಲೋನ್ ಮುಗೀಲಿ ಅಂದ್ರು. ಡಾಕ್ಟರ್‌ಗೆ ತೋರಿಸೋಣ ಅಂದ್ರೂ ಲೋನ್ ಮುಗೀಲಿ. ಈಗ ಮುಗೀತಲ್ಲ, ಸೈಟ್ ಒಂದು ಆಗ್ಲಿ ಅಂತಾರೆ.”

ಹೊಲಿಗೆ ಮೆಷಿನ್ನಿನ ಮೋಟರ್ ಎಷ್ಟಾಗುತ್ತದೆ ಅಂತ ಗಂಡನನ್ನೇ ಕೇಳಿದೆ. ಗೊತ್ತಿರಲಿಲ್ಲ. ಆಕೆಗೆ ಗೊತ್ತಿತ್ತು: ಎರಡು ಸಾವಿರದ ಆಸುಪಾಸು.

ಆತ ಜಿಪುಣರಲ್ಲ. ಮಗಳ ಫೀಸಿಗೆ ಒಂದು ದಿನವೂ ಹಿಂದೆಮುಂದೆ ನೋಡಿದವರಲ್ಲ. ಬೆಳೆದದ್ದು ಶ್ರೀರಾಮಪುರದ ವಠಾರದಲ್ಲಿ. ಮನೆ ಖಾಲಿ ಮಾಡಿ ಅಂತ ಓನರ್ ಬಾಗಿಲಿಗೆ ಬಂದು ನಿಂತದ್ದನ್ನು ಇವತ್ತಿಗೂ ಧ್ವನಿ ತಗ್ಗಿಸಿಯೇ ಹೇಳುತ್ತಾರೆ. ಈಗ ತಿಂಗಳ ಐದನೇ ತಾರೀಕು ದುಡ್ಡು ಕಟ್ ಆದ ಮೆಸೇಜ್ ಬರದಿದ್ದರೆ ಏನೋ ಮರೆತ ಹಾಗಾಗಿ ನಿದ್ದೆ ಬರುವುದಿಲ್ಲವಂತೆ. ಕೈಯಲ್ಲಿ ಉಳಿದ ದುಡ್ಡು ಆತನಿಗೆ ಸಮಾಧಾನ ಕೊಡಲಿಲ್ಲ, ಭಯ ಹುಟ್ಟಿಸಿತು. ಆ ಭಯಕ್ಕೆ ಗೊತ್ತಿದ್ದ ಮದ್ದು ಇನ್ನೊಂದು ಸಾಲ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಸಾಲದ ನೆಪದಲ್ಲಿ ಮುಂದೂಡಿದ್ದನ್ನೆಲ್ಲ ಬರೆಯಿರಿ, ಒಬ್ಬರದನ್ನು ಒಬ್ಬರು ನೋಡಬಾರದು ಅಂದೆ. ಆಕೆಯ ಹಾಳೆ ಎರಡೂ ಬದಿ ತುಂಬಿತು. ಆತ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೂತಿದ್ದು, ಕೊನೆಗೆ ಒಂದೇ ಸಾಲು ಬರೆದರು: ನೈಟ್ ಶಿಫ್ಟ್ ಬಿಡಬೇಕು. ಹೆಂಡತಿ ಅದನ್ನು ಓದಿ, “ಇದನ್ನ ಯಾವತ್ತೂ ಹೇಳೇ ಇಲ್ವಲ್ರೀ” ಅಂದರು. ಶಿಫ್ಟ್ ಅಲೋವೆನ್ಸ್ ಇಲ್ಲದೆ ಇಎಂಐ ಹೊಂದುತ್ತಿರಲಿಲ್ಲ. ಈಗ ಆ ಲೆಕ್ಕ ಇಲ್ಲ ಅನ್ನುವುದು ಆತನಿಗೇ ಹೊಳೆದಿರಲಿಲ್ಲ.

ನಾನು ಹೇಳಿದ ಮೊದಲ ಮಾತು: ಆರು ತಿಂಗಳು ಯಾವ ಅಗ್ರಿಮೆಂಟಿಗೂ ಸಹಿ ಬೇಡ, ಬ್ರೋಕರಿಗೆ ಟೋಕನ್ ದುಡ್ಡೂ ಬೇಡ. ಆದರೆ ಐದನೇ ತಾರೀಕಿನ ರೂಢಿ ಬಿಡುವುದೂ ಬೇಡ. ಅದೇ 30 ಸಾವಿರ ಅದೇ ದಿನ ಇಬ್ಬರ ಹೆಸರಿನ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹೋಗಲಿ, ಮೆಸೇಜ್ ಬರಲಿ. ನಿವೃತ್ತಿಯವರೆಗೆ ಹೀಗೇ ನಡೆದರೆ ಬಡ್ಡಿ ಬಿಟ್ಟೇ 14 ಲಕ್ಷ ದಾಟುತ್ತದೆ. ಅದನ್ನು ಮುಂದೆ ಎಲ್ಲಿ ಹಾಕಬೇಕು ಅನ್ನುವುದು ನನ್ನ ಕಸುಬಲ್ಲ. ಅದಕ್ಕೆ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ, ಕಮಿಷನ್ ಬದಲು ಫೀಸು ತೆಗೆದುಕೊಳ್ಳುವ ಸಲಹೆಗಾರರನ್ನು ನೋಡಿ ಅಂದೆ.

ಸೈಟಿನ ಲೆಕ್ಕ ಮಾತ್ರ ಅಲ್ಲೇ ಕೂತು ಹಾಕಿಸಿದೆ. ನಾಲ್ಕು ವರ್ಷದಲ್ಲಿ 25 ಲಕ್ಷ ತೀರಬೇಕೆಂದರೆ ಶೇ. 9ರ ಬಡ್ಡಿಗೂ ಕಂತು 62 ಸಾವಿರ ದಾಟುತ್ತದೆ, ಅಂದರೆ ಹಳೆಯದರ ಎರಡರಷ್ಟು. “ಟ್ಯಾಕ್ಸ್ ಉಳಿಯುತ್ತಲ್ಲ ಮೇಡಂ” ಅಂದರು. ಬರೀ ಸೈಟಿಗೆ ತೆಗೆದ ಸಾಲಕ್ಕೆ, ಅದರಲ್ಲಿ ಮನೆ ಕಟ್ಟುವವರೆಗೆ, ಆ ವಿನಾಯಿತಿ ಇಲ್ಲ. ಅದು ಗೊತ್ತಾದ ಮೇಲೆ ಆತ ಸ್ವಲ್ಪ ಹೊತ್ತು ಕ್ಯಾಲ್ಕ್ಯುಲೇಟರ್ ಮುಟ್ಟಲಿಲ್ಲ.

ಆರೋಗ್ಯ ವಿಮೆಯ ವಿಷಯದಲ್ಲಿ ತಡ ಮಾಡಬೇಡಿ ಅಂತ ಒತ್ತಿ ಹೇಳಿದೆ. ಈಗಿರುವುದು ಕಂಪನಿಯ ಗ್ರೂಪ್ ಪಾಲಿಸಿ. ಕೆಲಸ ಬಿಟ್ಟ ಮೇಲೆ ಅದನ್ನು ನಂಬಿಕೊಂಡು ಕೂರುವಂತಿಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಪಾಲಿಸಿಯ ಹಣ ಸಿಗಲು ಕಾಯುವ ಅವಧಿ ಮೂರು ವರ್ಷದವರೆಗೂ ಇರಬಹುದು. ಸ್ವಂತ ಪಾಲಿಸಿ ಈಗಲೇ ಮಾಡಿಸಿದರೆ 58ಕ್ಕೆ ಮುಂಚೆ ಅದು ಕಳೆದಿರುತ್ತದೆ. ಮಂಡಿ ನೋವನ್ನು ಫಾರಂನಲ್ಲಿ ಮುಚ್ಚಿಡಬೇಡಿ ಅಂತಲೂ ಹೇಳಿದೆ, ಯಾಕೆಂದರೆ ಏಜೆಂಟರು ಕೆಲವರು ಮುಚ್ಚಿಡಿ ಅನ್ನುತ್ತಾರೆ.

ಇನ್ನು ಕಾಗದಪತ್ರ. ಕೊನೆಯ ಕಂತು ಕಟ್ಟಿದ ಖುಷಿಯಲ್ಲಿ ಸ್ವೀಟ್ ಹಂಚಿದ್ದರು, ಒರಿಜಿನಲ್ ಪತ್ರಗಳನ್ನು ಮಾತ್ರ ಬ್ಯಾಂಕಿನಿಂದ ತಂದಿರಲಿಲ್ಲ. ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಆದೇಶದ ಪ್ರಕಾರ ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು. ತಪ್ಪು ಬ್ಯಾಂಕಿನದಾದರೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ. ಸಾಲ ತೆಗೆಯುವಾಗ ಕೊಟ್ಟ ಪತ್ರಗಳ ಪಟ್ಟಿ ಹಿಡಿದು ಒಂದೊಂದೇ ತಾಳೆ ನೋಡಿ ತೆಗೆದುಕೊಳ್ಳಿ, ಸಾಲ ಬಾಕಿ ಇಲ್ಲ ಅನ್ನುವ ನೋ ಡ್ಯೂ ಪತ್ರ ಮರೆಯಬೇಡಿ ಅಂದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಲದ ನೋಂದಣಿ ಆಗಿದ್ದರೆ ಅದನ್ನು ಬಿಡುಗಡೆ ಮಾಡಿಸುವವರೆಗೆ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರದಲ್ಲಿ) ಸಾಲ ಕಾಣುತ್ತಲೇ ಇರುತ್ತದೆ. ಮನೆ ಆತನೊಬ್ಬರ ಹೆಸರಿನಲ್ಲಿದೆ, ವಿಲ್ ಇಲ್ಲ. ವಿಲ್ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಈ ಮಾತಿಗೆ ಆತ ಮುಖ ತಿರುಗಿಸಿದರು. ಒತ್ತಾಯಿಸಲಿಲ್ಲ.

ಮುಂದಿನ ಭೇಟಿಗೆ ಬಂದಾಗ ಮೆಷಿನ್ನಿಗೆ ಮೋಟರ್ ಬಂದಿತ್ತು. ಮಂಡಿಗೆ ಸದ್ಯ ಫಿಸಿಯೋಥೆರಪಿ ಸಾಕು ಅಂದಿದ್ದಾರಂತೆ ಡಾಕ್ಟರು. ಜನರಲ್ ಶಿಫ್ಟಿಗೆ ಆತ ಅರ್ಜಿ ಕೊಟ್ಟಿದ್ದಾರೆ, ಇನ್ನೂ ಉತ್ತರ ಬಂದಿಲ್ಲ. ಸೈಟಿನ ಆಸೆ ಪೂರ್ತಿ ಹೋಗಿಲ್ಲ, ಬ್ರೋಕರ್ ಫೋನ್ ಮಾಡುತ್ತಲೇ ಇದ್ದಾನೆ. ಯುಗಾದಿ ಕಳೆದ ಮೇಲೆ ಸಾಲವಿಲ್ಲದೆ ಆಗುವುದಾದರೆ ಮಾತ್ರ ನೋಡೋಣ, ನೋಡುವುದಾದರೆ ಇಬ್ಬರೂ ಹೋಗಿ ನೋಡಬೇಕು ಅಂತ ಆಕೆ ಷರತ್ತು ಹಾಕಿದ್ದಾರೆ, ಆತ ಒಪ್ಪಿದ್ದಾರೆ. ವಿಲ್ಲಿನ ಮಾತು ಹಾಗೇ ಬಾಕಿ ಇದೆ.