ಪೇಸ್‌ಮೇಕರ್ ಹಾಕಿದರೆ ಹೃದಯದ ಸ್ನಾಯುವಿಗೆ ಹೋಗುವ ರಕ್ತ ಕಡಿಮೆಯಾಗುತ್ತಾ?

ಒಂದೇ ಮಾತಲ್ಲಿ ಹೌದು, ಇಲ್ಲ ಅನ್ನೋಕಾಗಲ್ಲ. ಈ ಸಾಧನ ಹೃದಯವನ್ನು ಎಷ್ಟು ವೇಗವಾಗಿ ಮಿಡಿಸುತ್ತಿದೆ, ಅದರ ವಿದ್ಯುತ್ ಒಯ್ಯುವ ತಂತಿ ಹೃದಯದಲ್ಲಿ ಎಲ್ಲಿದೆ ಅನ್ನೋದು ಮುಖ್ಯ.

ಹೃದಯ ಹಿಂಡಿದಾಗ ತನ್ನ ರಕ್ತನಾಳಗಳನ್ನೂ ಹಿಂಡಿಕೊಳ್ಳುತ್ತದೆ. ಹಾಗಾಗಿ ಎಡ ಕುಹರದ (ಮೈಗೆಲ್ಲ ರಕ್ತ ತಳ್ಳುವ ಕೆಳಕೋಣೆಯ) ಗೋಡೆಗೆ ರಕ್ತ ಹರಿಯೋದು ಜಾಸ್ತಿ ಅದು ಸಡಿಲವಾದಾಗಲೇ. ನಿಮಿಷಕ್ಕೆ 60 ಬಡಿತ ಇದ್ದರೆ ಒಂದು ಬಡಿತಕ್ಕೆ 1 ಸೆಕೆಂಡ್, ಅದರಲ್ಲಿ ಸುಮಾರು ಮೂರನೇ ಎರಡು ಭಾಗ ವಿಶ್ರಾಂತಿ. 120ಕ್ಕೆ ಏರಿಸಿದರೆ ಸಿಗೋದು ಅರ್ಧ ಸೆಕೆಂಡ್, ಕತ್ತರಿ ಬೀಳೋದು ಹೆಚ್ಚಾಗಿ ಈ ವಿಶ್ರಾಂತಿಗೇ. ಆದರೂ ಆರೋಗ್ಯವಂತ ನಾಳಗಳು ಹಿಗ್ಗಿ, ಒಟ್ಟು ರಕ್ತವನ್ನು ಹೆಚ್ಚೇ ಕೊಡುತ್ತವೆ. ನಾಳ ಕಟ್ಟಿಕೊಂಡಿದ್ದರೆ ಅದರ ಮುಂದಿನ ಸಣ್ಣ ನಾಳಗಳು ಮೊದಲೇ ಆದಷ್ಟು ಹಿಗ್ಗಿರುತ್ತವೆ, ಇನ್ನೆಲ್ಲಿಂದ ಕೊಟ್ಟಾವು? ಆಗ ಎದೆನೋವು ಬರಬಹುದು. ವೇಗ ಏರಿಸಿ ಇದನ್ನೇ ಪತ್ತೆ ಹಚ್ಚುವ ಪರೀಕ್ಷೆಯೂ ಉಂಟು.

ಇನ್ನು ತಂತಿಯ ಜಾಗ, ನನಗೆ ಇದೇ ಹೆಚ್ಚು ಕುತೂಹಲದ ವಿಷಯ. ಬಲ ಕುಹರದ ತುದಿಯಿಂದ ಮಿಡಿಸಿದರೆ ಎರಡು ಕುಹರಗಳ ನಡುವಿನ ಗೋಡೆ ಮೊದಲು ಕುಗ್ಗುತ್ತದೆ, ಎಡ ಪಕ್ಕದ ಗೋಡೆ ತಡವಾಗಿ. ಮೊದಲು ಕುಗ್ಗಿದ್ದಕ್ಕೆ ಎದುರು ಒತ್ತಡ ಕಡಿಮೆ, ಹಾಗಾಗಿ ಕೆಲಸ ಕಡಿಮೆ, ರಕ್ತವೂ ಕಡಿಮೆ. ತಡವಾದದ್ದು ಜಾಸ್ತಿ ದುಡಿಯುತ್ತದೆ. ಅದಕ್ಕೇ ಹೃದಯದ ರಕ್ತಹರಿವು ನೋಡುವ ಸ್ಕ್ಯಾನ್‌ನಲ್ಲಿ ಕೆಲವೊಮ್ಮೆ ಆ ನಡುಗೋಡೆಗೆ ರಕ್ತ ಸಾಲದಂತೆ ಕಾಣುತ್ತದೆ, ನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ! ಸುಮ್ನೆ ಗಾಬರಿ ಬೇಡ, ಪೇಸ್‌ಮೇಕರ್ ಇದೆ ಅಂತ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ. ಹೃದಯದ ಸಹಜ ವಿದ್ಯುತ್ ದಾರಿಗೇ ತಂತಿ ಕೂರಿಸುವ ಹೊಸ ವಿಧಾನದಲ್ಲಿ ಈ ಏರುಪೇರು ಕಡಿಮೆ.